ಕಾಸರಗೋಡಿನ ಕೇಬಲಿನಲ್ಲಿ ಚಂದನ ಕಾಣುವುದಿಲ್ಲ: ಕೇಳುವುದು ಯಾರಲ್ಲಿ?

ಸೀತಾಂಗೋಳಿ ತಿರುವು
ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕೆಲವು ಕೇಬಲ್ ಬಾಕ್ಸುಗಳಲ್ಲಿ ದೂರದರ್ಶನದ ಕನ್ನಡ ಚಾನೆಲು ಚಂದನ ಮೊದಲಿನ ನಂಬರಿನಲ್ಲಿ ಇಲ್ಲ ಅಂತ ಈ ಫೋರಮಿನಲ್ಲಿ ಬೇರೆ ಬೇರೆ ಕಡೆ ದೂರು ಬಿದ್ದಿದೆ. ಕೇಬಲಿನವರಲ್ಲಿ ಕೇಳಿದರೆ "ಇದು ಕೇರಳ, ದೂರದರ್ಶನ ಮಲಯಾಳಂ ಉಂಟಲ್ಲ" ಅಂತ ಉತ್ತರವಂತೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಗೊಣಗುವ ಬದಲು ಒಂದೇ ಕಡೆ ಮಾತಾಡುವ ಅಂತ ಈ ಎಳೆ ತೆರೆದದ್ದು.

ಚಂದನ ಕೊಡಲೇಬೇಕು ಅಂತ ಕಾನೂನು ಉಂಟಾ, ಇಲ್ಲ ಕೇಬಲಿನವರ ಮರ್ಜಿಯಾ? ದೂರದರ್ಶನದ ಪುಕ್ಕಟೆ ಡಿಟಿಎಚ್ ಸೇವೆ ಫ್ರೀ ಡಿಶ್ ಹಾಕಿದರೆ ರಗಳೆ ಮುಗಿಯುತ್ತದಾ? ಮತ್ತೆ, ಎಲ್ಲರ ತೆರಿಗೆಯಲ್ಲಿ ನಡೆಯುವ ಟಿವಿ ಗಡಿನಾಡಿನ ಕನ್ನಡದವರಿಗೆ ಎಂತ ಕೊಡಬೇಕು? ಕೊನೆಯದಕ್ಕೆ ಜಗಳ ಆಗುತ್ತದೆ ಅಂತ ಗೊತ್ತು. ಆಗಲಿ.

ರಿಮೋಟ್ ರಾಣಿ
ಚಂದನ ನೋಡುವವರು ಇನ್ನೂ ಇದ್ದಾರಾ? ಯೂಟ್ಯೂಬಿನಲ್ಲಿ ಉಂಟಲ್ಲ ಮಾರಾಯ್ರೇ.

ಹೆಡ್‌ಎಂಡ್ ಹಳೆಹುಲಿ
ಕಾನೂನಿಗೆ ಹೋಗುವ ಮೊದಲು ಚಾನೆಲ್ ನಿಜಕ್ಕೂ ಹೋಗಿದೆಯಾ, ಜಾಗ ಮಾತ್ರ ಬದಲಾಗಿದೆಯಾ ನೋಡಿ. ಬಾಕ್ಸಿನ ಮೆನುವಿನಲ್ಲಿ ಹಳೆಯ ಪಟ್ಟಿ ಅಳಿಸಿ ಪೂರ್ತಿ ಸ್ಕ್ಯಾನ್ ಕೊಡಿ. ಆಮೇಲೆ ಮೂರರಲ್ಲಿ ಒಂದು ಕಾಣುತ್ತದೆ.

ಪಟ್ಟಿಯಲ್ಲಿ ಹೆಸರು ಉಂಟು, ಒತ್ತಿದರೆ "ಚಂದಾದಾರರಲ್ಲ" ಅಂತ ಬರುತ್ತದೆ: ಇದು ಬಾಕ್ಸಿನ ಕಾರ್ಡಿಗೆ ಕಂಪೆನಿ ಕೊಡುವ ಅನುಮತಿಯ ವಿಷಯ. ಪ್ಯಾಕ್ ಬದಲಾಯಿಸುವಾಗ ಕಡ್ಡಾಯ ಚಾನೆಲುಗಳ ಗುಂಪು ಬಿಟ್ಟುಹೋಗಿರುತ್ತದೆ. ಫೋನಿನಲ್ಲಿ ಕಾರ್ಡ್ ನಂಬರ್ ಹೇಳಿದರೆ ಅಲ್ಲಿಂದಲೇ ಸರಿ ಮಾಡುತ್ತಾರೆ. ಆಗ ಬಾಕ್ಸ್ ಆನ್ ಇರಬೇಕು, ಚಾನೆಲ್ ಅದೇ ಇರಬೇಕು.

ಹೆಸರು ಉಂಟು, ಚಿತ್ರ ಚೌಕ ಚೌಕ ಒಡೆಯುತ್ತದೆ ಅಥವಾ ಕಪ್ಪು: ಅಕ್ಕಪಕ್ಕದ ಇಪ್ಪತ್ತು ಚಾನೆಲುಗಳನ್ನೂ ನೋಡಿ. ಅವೂ ಹಾಳಾಗಿದ್ದರೆ ಒಂದು ಇಡೀ ಫ್ರೀಕ್ವೆನ್ಸಿ ಹೋಗಿದೆ. ಕಂಬದ ಮೇಲಿನ ಆಂಪ್ಲಿಫೈಯರ್, ನೀರು ಕುಡಿದ ಜೋಡಣೆ, ತುಕ್ಕು ಹಿಡಿದ ಕನೆಕ್ಟರ್, ಇಂಥದ್ದೇ. ಚಂದನ ಒಂದೇ ಹಾಳಾಗಿದ್ದರೆ ತಪ್ಪು ಹೆಡ್‌ಎಂಡಿನಲ್ಲಿ, ಅಂದರೆ ಕೇಬಲ್ ಕಂಪೆನಿ ಚಾನೆಲುಗಳನ್ನು ಹಿಡಿದು ಜಾಲಕ್ಕೆ ಬಿಡುವ ಕೇಂದ್ರದಲ್ಲಿ. ಅಲ್ಲಿ ಅದನ್ನು ಹಿಡಿಯುವ ಡಿಶ್ಶೋ ರಿಸೀವರ್ರೋ ಕೈಕೊಟ್ಟಿದೆ, ಯಾರೂ ಗಮನಿಸಿಲ್ಲ. ನೋಡುವವರು ಕಡಿಮೆ ಇರುವ ಚಾನೆಲ್ ತಿಂಗಳುಗಟ್ಟಲೆ ಸತ್ತು ಬಿದ್ದಿದ್ದರೂ ದೂರು ಬಾರದಿದ್ದರೆ ಗೊತ್ತೇ ಆಗುವುದಿಲ್ಲ.

ಪಟ್ಟಿಯಲ್ಲೇ ಇಲ್ಲ: ಹಾಗಾದರೆ ತೆಗೆದಿದ್ದಾರೆ. ಆಗ ಮಾತ್ರ ಕಾನೂನು ತೆಗೆಯಿರಿ.

"ಜಾಗ ಇಲ್ಲ" ಅನ್ನುವ ನೆಪ ಬಂದರೆ ಒಂದು ಲೆಕ್ಕ ಇಟ್ಟುಕೊಳ್ಳಿ. 64 ಕ್ವಾಮ್ ಅನ್ನುವ ಕೇಬಲ್ ತಂತ್ರದಲ್ಲಿ 8 ಮೆಗಾಹರ್ಟ್ಸಿನ ಒಂದು ಕೇಬಲ್ ಫ್ರೀಕ್ವೆನ್ಸಿ ಸುಮಾರು 38 ಎಂಬಿಪಿಎಸ್ ಹೊರುತ್ತದೆ. ಎಂಪೆಗ್-4 ಅನ್ನುವ ಕ್ರಮದಲ್ಲಿ ಕುಗ್ಗಿಸಿದ ಒಂದು ಸಾಮಾನ್ಯ ಚಾನೆಲಿಗೆ 2 ಎಂಬಿಪಿಎಸ್ ಸಾಕು. ಒಂದು ಚಂದನಕ್ಕೆ ಜಾಗ ಇಲ್ಲದ ಜಾಲ ಯಾವುದೂ ಇಲ್ಲ.

ಕಲಂ ಎಂಟು
ಹಳೆಹುಲಿಯವರು ದಾರಿ ಸರಿ ಮಾಡಿ ಕೊಟ್ಟರು. ಇನ್ನು ಕಾನೂನು.

1995ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಯ 8ನೇ ಕಲಂ ಓದಬೇಕು. ಅದರ ಹಳೆಯ ರೂಪದಲ್ಲಿ ದೂರದರ್ಶನದ ಕನಿಷ್ಠ ಎರಡು ಭೂತರಂಗ (ನೆಲದ ಟವರಿನಿಂದ ಮನೆಯ ಆಂಟೆನಾಕ್ಕೆ ಬರುವ) ಚಾನೆಲು, ಜೊತೆಗೆ "ಒಂದು ರಾಜ್ಯದ ಪ್ರಾದೇಶಿಕ ಭಾಷಾ ಚಾನೆಲು" ಕೊಡಬೇಕು ಅಂತ ಇತ್ತು. ಕೇರಳದಲ್ಲಿ ಕೂತವನು ಆ ಒಂದನ್ನು ಮಲಯಾಳಂ ಅಂತ ಓದಿದರೆ ತಪ್ಪು ಹೇಳುವಂತಿರಲಿಲ್ಲ. "ಇದು ಕೇರಳ" ಅನ್ನುವ ಮಾತಿನ ಬೇರು ಇರುವುದು ಅಲ್ಲಿ. 2011ರ ತಿದ್ದುಪಡಿಯಲ್ಲಿ ಆ ಮಾತು ಹೋಯಿತು. ಈಗ ಕೇಂದ್ರ ಸರ್ಕಾರ ಗೆಜೆಟಿನಲ್ಲಿ ಹೆಸರಿಸಿದ ದೂರದರ್ಶನ ಚಾನೆಲುಗಳನ್ನೂ ಸಂಸತ್ತಿನ ಚಾನೆಲುಗಳನ್ನೂ ಕೊಡಲೇಬೇಕು. ಆಯ್ಕೆ ಕೇಬಲಿನವನ ಕೈಯಲ್ಲಿ ಇಲ್ಲ. ಅಧಿಸೂಚನೆಯ ಪ್ರಿಂಟ್ ತೆಗೆದುಕೊಂಡು ಹೋಗಿ, ಚಂದನದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ. ಬಾಯಿಮಾತಿನ ವಾದಕ್ಕಿಂತ ಬೇಗ ಮುಗಿಯುತ್ತದೆ.

ಹಣದ ನೆಪವೂ ನಿಲ್ಲುವುದಿಲ್ಲ. ಕೇಬಲ್ ದರಕ್ಕೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್‌ನ 2020ರ ತಿದ್ದುಪಡಿ ಪ್ರಕಾರ ತೆರಿಗೆ ಬಿಟ್ಟು 130 ರೂಪಾಯಿಯ ಜಾಲ ಶುಲ್ಕಕ್ಕೆ 200 ಚಾನೆಲ್ ಕೊಡಬೇಕಿತ್ತು, ಕಡ್ಡಾಯ ದೂರದರ್ಶನ ಚಾನೆಲುಗಳು ಆ 200ರ ಲೆಕ್ಕದ ಹೊರಗೆ. 2024ರ ಜುಲೈಯಲ್ಲಿ 130ರ ಮಿತಿ ತೆಗೆದುಹಾಕಿದರು, ಶುಲ್ಕ ಈಗ ಅವರವರ ಇಷ್ಟ. ಆದರೆ ಕಡ್ಡಾಯ ಕಡ್ಡಾಯವೇ.

ದೂರಿನ ಕ್ರಮ: ಮೊದಲು ಕೇಬಲ್ ಕಂಪೆನಿಯ ಕಸ್ಟಮರ್ ಕೇರ್, ಅಲ್ಲಿಂದ ದೂರು ಸಂಖ್ಯೆ ಪಡೆಯಿರಿ. ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ. ಆಮೇಲೆ ಅದೇ ಕಂಪೆನಿಯ ನೋಡಲ್ ಅಧಿಕಾರಿ. ಅದರಲ್ಲಿ ಆಗದಿದ್ದರೆ ಕಾಯ್ದೆಯ ಪ್ರಕಾರ ಅಧಿಕೃತ ಅಧಿಕಾರಿ, ಅಂದರೆ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಟ್ರಾಯ್‌ಗೆ ನೇರ ಬರೆದು ಕಾಯಬೇಡಿ, ಒಬ್ಬೊಬ್ಬ ಗ್ರಾಹಕನ ದೂರು ಬಗೆಹರಿಸುವುದು ಅದರ ಕೆಲಸ ಅಲ್ಲ.

ರಿಮೋಟ್ ರಾಣಿ
ಜೈಲು ಗೀಲು ಉಂಟಾ ಇದಕ್ಕೆ? 😀

ಕಲಂ ಎಂಟು
ಮೊದಲು 16ನೇ ಕಲಮಿನಲ್ಲಿ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು ಸಲಹೆ, ಎಚ್ಚರಿಕೆ, ದಂಡ ಅಂತ ಮಾಡಿತು. ಕಲೆಕ್ಟರೇಟಿನಲ್ಲಿ "ಬಂಧಿಸಿ" ಅಂತ ಕೂಗಬೇಡಿ, ನಗುತ್ತಾರೆ.

ಜತ್ತದ ಜ್ವಾಳ
ನಮ್ಮ ಕಡೀನೂ ಇದ ಹಾಡು ಐತ್ರಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ ಭಾಗದಾಗ ಕೇಬಲ್ ಅಂದ್ರ ಮೊದಲ ದೂರದರ್ಶನದ ಮರಾಠಿ ಚಾನೆಲ್ ಸಹ್ಯಾದ್ರಿ, ಚಂದನ ಹುಡುಕ್ಯಾಡಬೇಕು. ಅದಕ್ಕ ಭಾಳ ಮಂದಿ ಫ್ರೀ ಡಿಶ್ ಹಾಕ್ಯಾರ. ತಿಂಗಳ ರೊಕ್ಕ ಇಲ್ಲ, ಕೇಬಲ್ ಹುಡುಗನ ಬೆನ್ನ ಹತ್ತೂದೂ ಇಲ್ಲ. ಭಟ್ರು ಎಲ್ಲಿ ಹೋದ್ರು? ಡಿಶ್ ದಿಕ್ಕಿನ ಲೆಕ್ಕ ಹೇಳ್ರಿ ಮಂದಿಗೆ.

ಎಲ್‌ಎನ್‌ಬಿ ಭಟ್ರು
ಬಂದೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, 93.5 ಡಿಗ್ರಿ ಪೂರ್ವ. ಕಾಸರಗೋಡಿಗೆ ದಿಕ್ಕು ಉತ್ತರದಿಂದ ಸುಮಾರು 123 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ. ಎತ್ತರ 64 ಡಿಗ್ರಿ. ಜತ್ತಕ್ಕೆ ದಿಕ್ಕು ಸುಮಾರು 132, ಎತ್ತರ 61. ಮೊಬೈಲಿನ ದಿಕ್ಸೂಚಿ ಸಾಕು. ಆದರೆ ಅದನ್ನು ಕಬ್ಬಿಣದ ಕಂಬಕ್ಕೂ ಶೀಟಿನ ಮಾಡಿಗೂ ತಾಗಿಸಿ ಹಿಡಿಯಬೇಡಿ, 20 ಡಿಗ್ರಿ ಸುಳ್ಳು ಹೇಳುತ್ತದೆ. ಎರಡು ಮಾರು ದೂರ ನಿಂತು, ದೂರದ ಒಂದು ಮರ ಗುರುತು ಮಾಡಿಕೊಂಡು, ಆಮೇಲೆ ಡಿಶ್ ತಿರುಗಿಸಿ.

64 ಡಿಗ್ರಿ ಅಂದಕೂಡಲೇ ಡಿಶ್ಶನ್ನು ಆಕಾಶ ನೋಡಿಸಿ ಮಲಗಿಸುವವರಿದ್ದಾರೆ. ಇದು ಆಫ್‌ಸೆಟ್ ಡಿಶ್. ತಟ್ಟೆ ನೆಟ್ಟಗೆ ನಿಂತಾಗಲೇ ಅದು ಸುಮಾರು 25 ಡಿಗ್ರಿ ಮೇಲೆ ನೋಡುತ್ತಾ ಇರುತ್ತದೆ. ಹಾಗಾಗಿ ನೆಟ್ಟಗಿನಿಂದ 40 ಡಿಗ್ರಿ ಹಿಂದಕ್ಕೆ ವಾಲಿದರೆ ಸಾಕು.

ಅಡಿಕೆ ತೋಟದವರಿಗೆ: ಉಪಗ್ರಹ ಅಷ್ಟು ಎತ್ತರದಲ್ಲಿ ಇರುವುದರಿಂದ ಮರಕ್ಕೆ ಹೆದರಬೇಡಿ. ಡಿಶ್‌ಗಿಂತ 12 ಮೀಟರ್ ಮೇಲೆ ಹೋದ ಮರ ಆ ದಿಕ್ಕಿನಲ್ಲಿ 6 ಮೀಟರ್ ದೂರ ಇದ್ದರೆ ಅಡ್ಡ ಇಲ್ಲ. ಸೋಗೆಗೆ ಇನ್ನೊಂದೆರಡು ಮೀಟರ್ ಬಿಡಿ. ತೆಂಗಿಗೆ ಇನ್ನೂ ಜಾಸ್ತಿ, ಗಾಳಿಗೆ ಮಡಲು ಆಡುತ್ತದೆ.

ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ (ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಮೂತಿ) "ಯೂನಿವರ್ಸಲ್ 9750/10600" ಅಂತ ಆರಿಸಿ. ಪರೀಕ್ಷೆಗೆ ಫ್ರೀಕ್ವೆನ್ಸಿ 11090, ಧ್ರುವೀಕರಣ ವಿ (ಲಂಬ), ಸಿಂಬಲ್ ರೇಟ್ 29500 ಹಾಕಿ. ಇಲ್ಲದಿದ್ದರೆ 11170, ವಿ, 29500. ಎರಡು ಪಟ್ಟಿ ಕಾಣುತ್ತದೆ, ಒಂದು ಸಿಗ್ನಲ್ ಬಲ, ಇನ್ನೊಂದು ಕ್ವಾಲಿಟಿ. ಬಲ ನೋಡಿ ಮೋಸ ಹೋಗಬೇಡಿ. ಕೇಬಲ್ ಸಿಕ್ಕಿಸಿದ ಕೂಡಲೇ ಬಲ ಏರುತ್ತದೆ, ಡಿಶ್ ಗೋಡೆ ನೋಡುತ್ತಿದ್ದರೂ. ಕ್ವಾಲಿಟಿ ಮಾತ್ರ ನಿಜ. ಅದು ಬಂದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ನಿಧಾನಕ್ಕೆ ತಿರುಗಿಸಿ ಗರಿಷ್ಠ ಮಾಡಿ. ನಮ್ಮ ಕಡೆ ಸುಮಾರು 55 ಡಿಗ್ರಿ ಓರೆ ಬೇಕು. ಇದನ್ನು ಮಾಡದೆ ಬಿಡುವುದರಿಂದಲೇ ಆಟಿ ತಿಂಗಳ ಮಳೆಯಲ್ಲಿ ಟಿವಿ ನಿಲ್ಲುವುದು.

ಮಡಕಶಿರಾ ಮೈಲಿಗಲ್ಲು
ಭಟ್ರೇ, ಹಳೆ ಡಿಟಿಎಚ್ ಡಿಶ್ ಮಹಡಿ ಮೇಲೆ ಸುಮ್ಮನೆ ಬಿದ್ದಿದ್ರೆ ಅದೇ ಆಗುತ್ತಾ?

ಎಲ್‌ಎನ್‌ಬಿ ಭಟ್ರು
ಯಾವುದರದ್ದು ಅಂತ ನೋಡಬೇಕು. ಸನ್ ಡೈರೆಕ್ಟಿನ ಡಿಶ್ ಆಗಿ ಅದೂ 93.5ನ್ನೇ ನೋಡುತ್ತಿದ್ದರೆ ಅಲುಗಾಡಿಸಬೇಡಿ, ಬಾಕ್ಸ್ ಮಾತ್ರ ಬದಲಿಸಿ. ಡಿ2ಎಚ್ 88 ಡಿಗ್ರಿ. ಕಾಸರಗೋಡಿನಲ್ಲಾದರೆ ಅಲ್ಲಿಂದ ಪೂರ್ವಕ್ಕೆ 10 ಡಿಗ್ರಿ ತಿರುಗಿಸಿ 5 ಡಿಗ್ರಿ ಇಳಿಸಬೇಕು. ಡಿಶ್ ಟಿವಿ 95ರಲ್ಲಿ, ಅದು ಪಕ್ಕದ ಮನೆ. ಮೋಸ ಆಗುವುದು ಇಲ್ಲೇ: ಉಪಗ್ರಹ ಸಿಕ್ಕಿತು ಅಂತ ಖುಷಿಪಟ್ಟು ಬ್ಲೈಂಡ್ ಸ್ಕ್ಯಾನ್ ಕೊಟ್ಟರೆ ಎಲ್ಲ ಬೀಗ ಹಾಕಿದ ಚಾನೆಲುಗಳೇ. ಹಾಗಾದರೆ ನೀವು 95ರ ಮೇಲೆ ಕೂತಿದ್ದೀರಿ. ಒಂದೂವರೆ ಡಿಗ್ರಿ ಪಶ್ಚಿಮದ ಉಪಗ್ರಹ ಬೇಕು, ಅಂದರೆ ಡಿಶ್ಶನ್ನು ದಕ್ಷಿಣದ ಕಡೆಗೆ ಎರಡು ಡಿಗ್ರಿ ಸರಿಸಿ, ಕೂದಲೆಳೆಯಷ್ಟು ಮೇಲೆತ್ತಿ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಅಂತ ಕೇಳಿಯೇ ತೆಗೆದುಕೊಳ್ಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಅರ್ಧ ಪಟ್ಟಿ ಬರುವುದೇ ಇಲ್ಲ. ಏಪ್ರಿಲ್ 1ಕ್ಕೆ ಫ್ರೀ ಡಿಶ್ಶಿನ ಜಾಗವನ್ನು ಹರಾಜಿನಲ್ಲಿ ಪಡೆದ ಹೊಸ ಚಾನೆಲುಗಳು ಬರುತ್ತವೆ, ಸ್ಥಳ ಅದಲುಬದಲಾಗುತ್ತದೆ. ಅವತ್ತು ಮತ್ತೆ ಸ್ಕ್ಯಾನ್. "ಚಂದನ ತೆಗೆದರು" ಅಂತ ಏಪ್ರಿಲಿನಲ್ಲಿ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ.

ರಿಮೋಟ್ ರಾಣಿ
ಎರಡು ಟಿವಿಗೆ ಎರಡು ಡಿಶ್ ಬೇಕಾ?

ಎಲ್‌ಎನ್‌ಬಿ ಭಟ್ರು
ಬೇಡ. ಇದರಲ್ಲೊಂದು ಅನುಕೂಲ ಉಂಟು. ಫ್ರೀ ಡಿಶ್ಶಿನ ಟ್ರಾನ್ಸ್‌ಪಾಂಡರುಗಳು (ಉಪಗ್ರಹದ ಪ್ರಸಾರ ಘಟಕಗಳು) ಲಂಬ ಧ್ರುವೀಕರಣದವು, ಎಲ್ಲ ಲೋ ಬ್ಯಾಂಡಿನವು. ಎರಡು ಬಾಕ್ಸೂ ಎಲ್‌ಎನ್‌ಬಿಗೆ ಒಂದೇ 13 ವೋಲ್ಟ್ ಕೊಡುತ್ತವೆ, ಜಗಳ ಇಲ್ಲ. ಒಂದು ಸ್ಪ್ಲಿಟರ್ ಸಾಕು. ಆದರೆ ಕೇಬಲ್ ಟಿವಿಯ ಸ್ಪ್ಲಿಟರ್ ಅಲ್ಲ, ಅದು 1000 ಮೆಗಾಹರ್ಟ್ಸಿಗೆ ನಿಲ್ಲುತ್ತದೆ. ಫ್ರೀ ಡಿಶ್ಶಿನ ಒಂದು ಫ್ರೀಕ್ವೆನ್ಸಿ 11550ರಿಂದ ಎಲ್‌ಎನ್‌ಬಿಯ 9750 ಕಳೆಯಿರಿ, 1800 ಬಂತಲ್ಲ? ಹಾಗಾಗಿ 950-2150 ಅಂತ ಬರೆದ ಸ್ಯಾಟಲೈಟ್ ಸ್ಪ್ಲಿಟರ್, ಕರೆಂಟ್ ಹಾಯುವಂಥದ್ದು. ಖಾಸಗಿ ಡಿಟಿಎಚ್‌ಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಒಂದು ಬಾಕ್ಸ್ 13 ಕೇಳುವಾಗ ಇನ್ನೊಂದು 18 ಕೇಳುತ್ತದೆ.

ತಾಳವಾಡಿ ತಂಗಾಳಿ
ಮಳೆ ಇಲ್ದೆನೂ ಮಾರ್ಚಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ಗೆ ದಿನಾ ಕಟ್ ಆಗ್ತದೆ ಅಂತಾರಲ್ಲ, ಅದೇನು?

ಎಲ್‌ಎನ್‌ಬಿ ಭಟ್ರು
ಸೂರ್ಯ ಉಪಗ್ರಹದ ಬೆನ್ನಿಗೆ ಬರುವುದು. ಮಾರ್ಚ್ ಮಧ್ಯ, ಸೆಪ್ಟೆಂಬರ್ ಕೊನೆ, ಕೆಲವೇ ದಿನ, ದಿನಕ್ಕೆ ಕೆಲವೇ ನಿಮಿಷ. ಡಿಶ್ ಮುಟ್ಟಬೇಡಿ. ಆ ಹೊತ್ತಿಗೆ ಎಲ್‌ಎನ್‌ಬಿಯ ನೆರಳು ತಟ್ಟೆಯಲ್ಲಿ ಎಲ್ಲಿ ಬೀಳುತ್ತದೆ ಅಂತ ಗುರುತು ಹಾಕಿಟ್ಟರೆ ಮುಂದೆ ಡಿಶ್ ಸರಿದರೆ ತಿರುಗಿ ಕೂರಿಸುವುದು ಸುಲಭ.

ಸ್ಲೇಟು ಬಳಪ
ಡಿಶ್ ಪುರಾಣ ಚೆನ್ನಾಗಿದೆ. ಆದರೆ ಮೂರನೆಯ ಪ್ರಶ್ನೆ ಅಲ್ಲೇ ಬಿದ್ದಿದೆ. ಚಂದನ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಕಾಸರಗೋಡು ಎಲ್ಲಿದೆ?

2020 ನೆನಪು ಮಾಡಿಕೊಳ್ಳಿ. ಶಾಲೆ ಮುಚ್ಚಿದಾಗ ಕರ್ನಾಟಕ ಚಂದನದಲ್ಲಿ 'ಸಂವೇದ' ಪಾಠ ಹಾಕಿತು, ಕೇರಳ ತನ್ನ ಶಿಕ್ಷಣ ಚಾನೆಲು ವಿಕ್ಟರ್ಸ್‌ನಲ್ಲಿ ಜೂನ್ 1ರಿಂದ 'ಫಸ್ಟ್ ಬೆಲ್' ಶುರು ಮಾಡಿತು. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯಕ್ರಮ, ಕನ್ನಡ ಭಾಷೆಯಲ್ಲಿ. ಚಂದನದಲ್ಲಿ ಭಾಷೆ ಸರಿ, ಪಾಠ ಬೇರೆ. ವಿಕ್ಟರ್ಸ್‌ನ ಮುಖ್ಯ ಪ್ರಸಾರದಲ್ಲಿ ಪಾಠ ಸರಿ, ಭಾಷೆ ಬೇರೆ. ನಡುವೆ ಬಿದ್ದ ಮಗುವಿನ ಲೆಕ್ಕ ಎರಡು ರಾಜಧಾನಿಯ ಪುಸ್ತಕದಲ್ಲೂ ಇಲ್ಲ. ಜತ್ತದ ಕನ್ನಡ ಶಾಲೆಗೂ ತಮಿಳುನಾಡಿನ ತಾಳವಾಡಿಯ ಕನ್ನಡ ಶಾಲೆಗೂ ಇದೇ ಕಥೆ.

ಕಲಂ ಎಂಟು
ಇದು ಸರಿಯಾದ ಜಾಗಕ್ಕೆ ಪೆಟ್ಟು. 1990ರ ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಂ ದೂರದರ್ಶನ, ಆಕಾಶವಾಣಿ ನಡೆಸುವ ಈ ನಿಗಮದ ಕೆಲಸ ಏನು ಅಂತ ಹೇಳುತ್ತದೆ. ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡುವುದು, ಅಲ್ಪಸಂಖ್ಯಾತರ ವಿಶೇಷ ಅಗತ್ಯ ನೋಡಿಕೊಳ್ಳುವುದು, ಎರಡೂ ಅದರಲ್ಲಿದೆ. ಆದರೆ ಕಾರ್ಖಾನೆ ಕಟ್ಟಿದ್ದು ರಾಜ್ಯವಾರು: ಬೆಂಗಳೂರು ಕೇಂದ್ರ ಕರ್ನಾಟಕಕ್ಕೆ, ತಿರುವನಂತಪುರ ಕೇರಳಕ್ಕೆ, ಮುಂಬೈ ಮಹಾರಾಷ್ಟ್ರಕ್ಕೆ. ಭಾಷೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ ಅಂತ ಊಹಿಸಿ ಮಾಡಿದ ಏರ್ಪಾಡು.

ಹೆಡ್‌ಎಂಡ್ ಹಳೆಹುಲಿ
ರೇಡಿಯೋ ಇದರಲ್ಲಿ ವಾಸಿ. ಮಂಗಳೂರು ಆಕಾಶವಾಣಿಯ ಅಲೆಗೆ ತಲಪಾಡಿ ಚೆಕ್‌ಪೋಸ್ಟ್ ಇಲ್ಲ. ಟಿವಿಯ ಹಳೆಯ ಭೂತರಂಗ ಟ್ರಾನ್ಸ್‌ಮಿಟರುಗಳನ್ನು 2021-22ರಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ನಿಲ್ಲಿಸಿದ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಬಟ್ಟೆ ಒಣಗಿಸಲಿಕ್ಕೆ ಮಾತ್ರ. ಈಗ ಉಪಗ್ರಹವೋ ಕೇಬಲೋ ಫೋನೋ, ಅಷ್ಟೇ.

ಚಂದ್ರಗಿರಿ ದಡ
ಇದಕ್ಕೆಲ್ಲ ಮೂಲ 1956. ಮಹಾಜನ ವರದಿ 1967ರಲ್ಲೇ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಇರುವುದನ್ನು

ನಿರ್ವಾಹಕ
ಬೇಡ. ಮಹಾಜನ ವರದಿಗೆ ಬೇರೆ ಎಳೆ ಉಂಟು, ಅದರಲ್ಲಿ ಈಗಲೇ 400 ಉತ್ತರ ಇದೆ. ಇಲ್ಲಿ ಟಿವಿ.

ಚಂದ್ರಗಿರಿ ದಡ
ವಾಕ್ಯ ಮುಗಿಸಲಿಕ್ಕೂ ಬಿಡುವುದಿಲ್ಲ ಇವರು.

ಮಡಕಶಿರಾ ಮೈಲಿಗಲ್ಲು
ದುಡ್ಡಿನ ಮಾತು ಯಾರೂ ಎತ್ತಿಲ್ಲ. ದೂರದರ್ಶನಕ್ಕೆ ಜನ ನೇರವಾಗಿ ಏನೂ ಕೊಡ್ತಿಲ್ಲ, ಅದಕ್ಕೇ ಜನರ ಮಾತು ಕೇಳಲ್ಲ. 1985ರವರೆಗೆ ಪೋಸ್ಟಾಫೀಸಲ್ಲಿ ಟಿವಿ ಲೈಸೆನ್ಸ್ ಇತ್ತು, ವರ್ಷಕ್ಕೊಂದ್ಸಲ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು. ಅದನ್ನ ತೆಗೆದಮೇಲೆ ಸರ್ಕಾರದ ಕೈ ನೋಡೋದೇ ಆಯ್ತು. ಬಿಬಿಸಿ ಇವತ್ತಿಗೂ ಲೈಸೆನ್ಸ್ ದುಡ್ಡಲ್ಲೇ ನಡೆಯೋದು.

ಜತ್ತದ ಜ್ವಾಳ
ಲೈಸೆನ್ಸ್ ತಿರುಗಿ ತಂದ್ರ ಮೊದಲ ಅಂಚೆ ಮಾಸ್ತರನ್ನ ಬಡೀತಾರ ಮಂದಿ. ಬ್ಯಾಡ್ರಿ ಅದು.

ಕಲಂ ಎಂಟು
ಮೈಲಿಗಲ್ಲು ಅವರು ಅರ್ಧ ಸರಿ. ಪ್ರಸಾರ ಭಾರತಿಗೆ ಮುಖ್ಯವಾಗಿ ಮೂರು ಕಡೆಯಿಂದ ಹಣ. ಕೇಂದ್ರದ ಅನುದಾನ, ಅದರ ದೊಡ್ಡ ಪಾಲು ಸಂಬಳಕ್ಕೆ. ಆಮೇಲೆ ಜಾಹೀರಾತು. ಮೂರನೆಯದು ಫ್ರೀ ಡಿಶ್ಶಿನ ಸ್ಲಾಟ್ ಹರಾಜು, ಅಂದರೆ ಖಾಸಗಿ ಚಾನೆಲುಗಳಿಗೆ ಅದರಲ್ಲಿ ಜಾಗ ಮಾರುವುದು. ಕಟ್ಟಡ, ಉಪಕರಣಕ್ಕೆ ಬೇರೆ ಯೋಜನೆ: 'ಬೈಂಡ್' ಅಂತ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದ್ದು, 2025-26ರವರೆಗೆ 2,539.61 ಕೋಟಿ ರೂಪಾಯಿ.

ಲೈಸೆನ್ಸ್ ಹೋದದ್ದಕ್ಕಿಂತ ದೊಡ್ಡ ತೊಂದರೆ, ಸಂಬಳದ ಹಣ ಒಂದು ಕಡೆಯಿಂದ, ಕಾರ್ಯಕ್ರಮದ ಹಣ ಇನ್ನೊಂದು ಕಡೆಯಿಂದ. ಸಂಬಳ ನಿಲ್ಲುವುದಿಲ್ಲ, ಕ್ಯಾಮೆರಾ ಹೊರಗೆ ಕಳಿಸುವ ಹಣ ಮಾತ್ರ ನಿಲ್ಲುತ್ತದೆ. ಬದಿಯಡ್ಕದ ಒಂದು ಯಕ್ಷಗಾನ ಚಿತ್ರೀಕರಿಸಬೇಕಾದರೆ ತಂಡ, ವಾಹನ, ದಿನಭತ್ಯೆ, ಕಲಾವಿದರ ಸಂಭಾವನೆ ಎಲ್ಲ ಕಾರ್ಯಕ್ರಮದ ಲೆಕ್ಕದಲ್ಲಿ. ಅದಕ್ಕೇ ಸ್ಟುಡಿಯೋದಲ್ಲಿ ಎರಡು ಕುರ್ಚಿ ಹಾಕಿ ಮಾತಾಡಿಸುವುದು.

ಜತ್ತದ ಜ್ವಾಳ
ಆ ಬೈಂಡಿನಾಗ 8 ಲಕ್ಷ ಫ್ರೀ ಡಿಶ್ ಬಾಕ್ಸ್ ಪುಕ್ಕಟ ಹಂಚ್ತೀವಿ ಅಂದಿದ್ರಲ್ರಿ, ಗಡಿ ಭಾಗಕ್ಕ ಅಂತ. ಗಡಿನಾಡ ಅಂದ್ರ ನಾವಲ್ಲೇನು?

ಕಲಂ ಎಂಟು
ಅಲ್ಲ. ಅದರಲ್ಲಿ ಗಡಿ ಅಂದರೆ ದೇಶದ ಗಡಿ. ದೂರದ, ಬುಡಕಟ್ಟು, ನಕ್ಸಲ್ ಬಾಧಿತ ಪ್ರದೇಶಗಳ ಜೊತೆಗೆ ಅದನ್ನು ಸೇರಿಸಿದ್ದು. ರಾಜ್ಯದ ಗಡಿಯಲ್ಲಿ ಕೂತವರಿಗೆ ದಿಲ್ಲಿಯ ಭಾಷೆಯಲ್ಲಿ ಹೆಸರೇ ಇಲ್ಲ.

ರಿಮೋಟ್ ರಾಣಿ
ಫ್ರೀ ಡಿಶ್ಶಿನಲ್ಲಿ ನೋಡಿದ್ದೆಲ್ಲ ಹಿಂದಿ, ಭೋಜಪುರಿ. ನಮ್ಮ ದೊಡ್ಡ ಕನ್ನಡ ಧಾರಾವಾಹಿ ಚಾನೆಲು ಒಂದೂ ಇಲ್ಲ. ಇದೆಂಥ ಸಾರ್ವಜನಿಕ ಸೇವೆ?

ಹೆಡ್‌ಎಂಡ್ ಹಳೆಹುಲಿ
ಅದು ಬರೀ ಪಕ್ಷಪಾತ ಅಲ್ಲ, ವ್ಯಾಪಾರ. ಕನ್ನಡದ ದೊಡ್ಡ ಚಾನೆಲುಗಳು ಪೇ ಚಾನೆಲ್, ಮನೆಮನೆಯಿಂದ ಕೇಬಲ್ ಮೂಲಕ ತಿಂಗಳ ಹಣ ಬರುತ್ತದೆ. ಅದನ್ನೇ ಫ್ರೀ ಡಿಶ್‌ಗೆ ಹಾಕಿದರೆ ಸ್ಲಾಟಿಗೆ ಹಣ ಕೊಡಬೇಕು, ಮೇಲಿಂದ ಚಂದಾ ಕೊಡುವವನು "ಪುಕ್ಕಟೆ ಸಿಗುವುದಕ್ಕೆ ನಾನೇಕೆ ಕೊಡಲಿ" ಅಂತಾನೆ. ಉತ್ತರದಲ್ಲಿ ಫ್ರೀ ಡಿಶ್ ಮನೆಗಳು ಎಷ್ಟು ಉಂಟೆಂದರೆ ಜಾಹೀರಾತಿನಲ್ಲೇ ಆ ನಷ್ಟ ತುಂಬುತ್ತದೆ. ದಕ್ಷಿಣದಲ್ಲಿ ಕೇಬಲ್ ಗಟ್ಟಿ, ಫ್ರೀ ಡಿಶ್ ತೆಳು. ಹಾಗಾಗಿ ಇಲ್ಲಿ ಲೆಕ್ಕ ಕೂಡುವುದಿಲ್ಲ.

ಸ್ಲೇಟು ಬಳಪ
ಹಾಗಾದರೆ ಸಾರ್ವಜನಿಕ ವೇದಿಕೆಯ ಜಾಗವನ್ನು ಹೆಚ್ಚು ಕೊಟ್ಟವರಿಗೆ ಕೊಡುವುದು ಸರಿಯಾ? ಹರಾಜಿನ ಹಣ ಬಂದದ್ದು ಸಂತೋಷ. ಆದರೆ ಅದು ಯಾವ ಭಾಷೆಯವರ ಜಾಗ ಮಾರಿ ಬಂದದ್ದು ಅಂತಲೂ ಕೇಳಬೇಕಲ್ಲ.

ಹೆಡ್‌ಎಂಡ್ ಹಳೆಹುಲಿ
ಕೇಳಿ. ನಾನು ಹೇಳಿದ್ದು ಕಾರಣ, ಸಮರ್ಥನೆ ಅಲ್ಲ.

ತಾಳವಾಡಿ ತಂಗಾಳಿ
ನಮ್ಮಲ್ಲಿ ಸರ್ಕಾರದ್ದೇ ಕೇಬಲ್ ಉಂಟು, ತಮಿಳುನಾಡು ಅರಸು ಕೇಬಲ್, 2007ರದ್ದು. ರಾಜ್ಯ ಸರ್ಕಾರಗಳು ಪ್ರಸಾರಕ್ಕೂ ವಿತರಣೆಗೂ ಕೈ ಹಾಕಬಾರದು ಅಂತ ಟ್ರಾಯ್ 2012ರಲ್ಲಿ ಶಿಫಾರಸು ಮಾಡಿತ್ತು. ಆದ್ರೂ 2017ರಲ್ಲಿ ಅರಸುಗೆ ಡಿಜಿಟಲ್ ಪರವಾನಗಿ ಸಿಕ್ತು. ಕಡಿಮೆ ರೇಟು, ಒಪ್ಪಿದೆ. ಆದ್ರೆ ಸರ್ಕಾರಿ ಕೇಬಲ್ ಅಂದ ಮಾತ್ರಕ್ಕೆ ಅದು ಸಾರ್ವಜನಿಕ ಸೇವೆ ಆಗಲ್ಲ. ಪೈಪು ಯಾರದ್ದು ಅನ್ನೋದು ಬೇರೆ, ಅದ್ರಲ್ಲಿ ಯಾವ ಭಾಷೆ ನೀರು ಬರುತ್ತೆ ಅನ್ನೋದು ಬೇರೆ.

ಮಡಕಶಿರಾ ಮೈಲಿಗಲ್ಲು
ವಿಷಯಾಂತರ ಅಂತ ಬೈಬೇಡಿ. ಭಾರತದ ಮ್ಯಾಚ್ ದೂರದರ್ಶನದಲ್ಲಿ ಅಂತ ಜಾಹೀರಾತು ಕೊಡ್ತಾರೆ, ಕೇಬಲಲ್ಲಿ ಹಾಕಿದ್ರೆ ಅದೇ ಚಾನೆಲಲ್ಲಿ ಬೇರೇನೋ ಓಡ್ತಿರುತ್ತೆ. ಫ್ರೀ ಡಿಶ್ ಮನೇಲಿ ಮ್ಯಾಚ್ ಬರುತ್ತೆ. ಇದ್ಯಾಕೆ?

ಕಲಂ ಎಂಟು
2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾಯ್ದೆ. ರಾಷ್ಟ್ರೀಯ ಮಹತ್ವದ್ದು ಅಂತ ಅಧಿಸೂಚಿಸಿದ ಪಂದ್ಯದ ಸಂಕೇತವನ್ನು ಹಕ್ಕುದಾರ ಕಂಪೆನಿ ಪ್ರಸಾರ ಭಾರತಿಗೆ ಕೊಡಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಕನಿಷ್ಠ 75, ಪ್ರಸಾರ ಭಾರತಿಗೆ 25 ಪಾಲು. ಆ ಸಂಕೇತ 8ನೇ ಕಲಮಿನ ದಾರಿಯಲ್ಲಿ ಕೇಬಲಿಗೂ ಹೋಗುತ್ತಿತ್ತು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿತು: ಕೊಟ್ಟದ್ದು ದೂರದರ್ಶನದ ಸ್ವಂತ ಭೂತರಂಗ ಮತ್ತು ಡಿಟಿಎಚ್ ಜಾಲಕ್ಕೆ ಮಾತ್ರ, ಕೇಬಲಿಗೆ ದಾಟಿಸುವಂತಿಲ್ಲ. ಈಗ ಭೂತರಂಗ ಹೋಯಿತು, ಉಳಿದದ್ದು ಫ್ರೀ ಡಿಶ್. ಕೇಬಲಿನವನ ತಪ್ಪಿಲ್ಲ, ಈ ಒಂದು ವಿಷಯದಲ್ಲಿ ಅವನನ್ನು ಬಿಟ್ಟುಬಿಡಿ.

ಚಂದ್ರಗಿರಿ ದಡ
ಖಾಸಗಿಯವರೂ ದಿನಕ್ಕೆ ಅರ್ಧ ಗಂಟೆ ಸಾರ್ವಜನಿಕ ಸೇವೆ ಮಾಡಬೇಕು ಅಂತ ನಿಯಮ ಬಂದಿದೆಯಲ್ಲ, ಅದರಲ್ಲಿ ಗಡಿನಾಡು ಕೇಳಬಹುದಲ್ಲ?

ಕಲಂ ಎಂಟು
2022ರ ನವೆಂಬರ್ ಮಾರ್ಗಸೂಚಿ. ದಿನಕ್ಕೆ 30 ನಿಮಿಷ, ಎಂಟು ವಿಷಯ: ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಮಹಿಳಾ ಕಲ್ಯಾಣ, ದುರ್ಬಲ ವರ್ಗ, ಪರಿಸರ ಮತ್ತು ಪರಂಪರೆ, ರಾಷ್ಟ್ರೀಯ ಏಕತೆ. ಒಂದೇ ಸಲ ಹಾಕಬೇಕಾಗಿಲ್ಲ, ಚೂರುಚೂರು ಕೂಡಿಸಬಹುದು. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗಿನದ್ದು ಲೆಕ್ಕಕ್ಕಿಲ್ಲ. ಅಡುಗೆ ಕಾರ್ಯಕ್ರಮದ ನಡುವೆ ಪೌಷ್ಟಿಕತೆ ಬಗ್ಗೆ ನಾಲ್ಕು ಮಾತು ಬಂದರೂ ಎಣಿಸುತ್ತಾರೆ. ಭಾಷಾ ಅಲ್ಪಸಂಖ್ಯಾತರು ಅನ್ನುವ ವಿಷಯವೇ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಶಕ್ತಿ ಹಾಳುಮಾಡಬೇಡಿ.

ಸ್ಲೇಟು ಬಳಪ
ಹಾಗಾದರೆ ಕೈಗೆ ಸಿಗುವಂಥದ್ದು ಏನು ಕೇಳಬಹುದು? "ಕನ್ನಡಕ್ಕೆ ನ್ಯಾಯ ಕೊಡಿ" ಅಂತ ಬರೆದರೆ ಅದನ್ನು ಫೈಲಿಗೆ ಹಾಕುತ್ತಾರೆ ಅಷ್ಟೆ.

ಕಲಂ ಎಂಟು
ಮೊದಲು ಲೆಕ್ಕ ಕೇಳಿ. ಮಾಹಿತಿ ಹಕ್ಕು ಅರ್ಜಿ, ಕೇಂದ್ರದ ಆನ್‌ಲೈನ್ ಪೋರ್ಟಲಿನಲ್ಲಿ ಪ್ರಸಾರ ಭಾರತಿ ಆರಿಸಿ, ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಪೆಟ್ಟಿಗೆಯಲ್ಲಿ 3000 ಅಕ್ಷರ ಮಾತ್ರ ಹಿಡಿಯುತ್ತದೆ, ಪೀಠಿಕೆ ಬರೆಯಬೇಡಿ. ಉತ್ತರಕ್ಕೆ 30 ದಿನ. ಇಂಗ್ಲಿಷಿನಲ್ಲಿ ಬರೆಯಿರಿ. ಕನ್ನಡಾಭಿಮಾನ ಆಮೇಲೆ, ಇಲ್ಲದಿದ್ದರೆ ಅನುವಾದದ ನೆಪದಲ್ಲಿ ಒಂದು ತಿಂಗಳು ಹೋಗುತ್ತದೆ.

"ಏಕೆ ಮಾಡಿಲ್ಲ" ಅಂತ ಕೇಳಬೇಡಿ. "ಏಕೆ" ಅನ್ನುವುದು ಮಾಹಿತಿ ಅಲ್ಲ ಅಂತ ತಿರಸ್ಕರಿಸುತ್ತಾರೆ. ಹೀಗೆ ಕೇಳಿ: ಕಳೆದ ಎರಡು ಹಣಕಾಸು ವರ್ಷಗಳಲ್ಲಿ ಚಂದನದಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮಗಳ ಹೆಸರು, ದಿನಾಂಕ, ನಿಮಿಷ. ದೂರದರ್ಶನ ಮಲಯಾಳಂನಲ್ಲಿ ಅದೇ ಅವಧಿಯಲ್ಲಿ ಕನ್ನಡ ಭಾಷೆಯಲ್ಲಿ ಪ್ರಸಾರವಾದ ನಿಮಿಷ. ಕಾಸರಗೋಡು ಜಿಲ್ಲೆಗೆ ನೇಮಿಸಿದ ಅರೆಕಾಲಿಕ ವರದಿಗಾರರ ಸಂಖ್ಯೆ, ಅವರ ವರದಿ ಹೋಗುವ ಸುದ್ದಿ ಘಟಕ. ಮೂರೇ ಪ್ರಶ್ನೆ. ಸೊನ್ನೆ ಬಂದರೆ ಆ ಸೊನ್ನೆಯೇ ನಿಮ್ಮ ಮನವಿಗೆ ಲಗತ್ತು.

ತಾಳವಾಡಿ ತಂಗಾಳಿ
ಆ ಮೂರನೇ ಪ್ರಶ್ನೆ ಮುಖ್ಯ. ಕಾಸರಗೋಡಿನ ಸುದ್ದಿಗೆ ತಿರುವನಂತಪುರ ಒಂದೇ ದಾರಿ ಆದ್ರೆ ಅದು ಮಲಯಾಳಂನಲ್ಲೇ ಬರೋದು, ಬೆಂಗಳೂರಿಗೆ ತಲುಪಲ್ಲ. ಅದೇ ವರದಿನ ಎರಡೂ ಘಟಕಕ್ಕೆ ಕಳಿಸಿ ಅಂದ್ರೆ ಹೊಸ ಹುದ್ದೆನೂ ಬೇಡ, ಹೊಸ ಕ್ಯಾಮೆರಾನೂ ಬೇಡ.

ಸೀತಾಂಗೋಳಿ ತಿರುವು
ಇದು ಚಂದ ಆಯ್ತು. ಜೊತೆಗೆ ವಾರಕ್ಕೆ ಅರ್ಧ ಗಂಟೆ ಗಡಿನಾಡಿಗೆ ಅಂತ ಕೇಳಬಹುದಾ? ಕಾಸರಗೋಡು, ಜತ್ತ, ತಾಳವಾಡಿ, ಆಂಧ್ರದ ಮಡಕಶಿರಾ ಸರದಿಯಲ್ಲಿ?

ಜತ್ತದ ಜ್ವಾಳ
ಅಂದ್ರ ನಮ್ಮ ಪಾಳಿ ತಿಂಗಳಿಗೊಮ್ಮೆ. ಆತು, ಇಲ್ಲದ್ದಕ್ಕಿಂತ ಚಲೋ. ಆದ್ರ ರಾತ್ರಿ ಹನ್ನೊಂದಕ್ಕ ಹಾಕಬ್ಯಾಡ್ರಿ ಅಂತ ಅರ್ಜಿಯಾಗ ಬರೀರಿ.

ರಿಮೋಟ್ ರಾಣಿ
'ಥಟ್ ಅಂತ ಹೇಳಿ' 2002ರಿಂದ ನಡೆಯುತ್ತಾ ಉಂಟು, ಬಹುಮಾನಕ್ಕೆ ಪುಸ್ತಕ ಕೊಡುತ್ತಾರೆ. ಒಂದು ಸುತ್ತು ಗಡಿನಾಡ ಶಾಲೆಗಳಲ್ಲಿ ಮಾಡಿದರೆ? ಯೂಟ್ಯೂಬ್ ಅಂತ ಮೊದಲು ಹೇಳಿದ್ದು ನಾನೇ, ಆದರೂ.

ಹೆಡ್‌ಎಂಡ್ ಹಳೆಹುಲಿ
ಯೂಟ್ಯೂಬ್, 2024ರ ನವೆಂಬರಿನಲ್ಲಿ ಬಂದ ಪ್ರಸಾರ ಭಾರತಿಯ ವೇವ್ಸ್ ಆ್ಯಪ್, ಎಲ್ಲ ಸರಿ ರಾಣಿ ಅಕ್ಕ. ಆದರೆ ದಿನಕ್ಕೆ ಎರಡು ಗಂಟೆ ನೋಡಿದರೆ ಸಾಧಾರಣ ಗುಣಮಟ್ಟದಲ್ಲೂ ಒಂದು ಜಿಬಿ ಹತ್ತಿರ ಹೋಗುತ್ತದೆ. ಗುಡ್ಡದ ಬುಡದ ಮನೆಗಳಲ್ಲಿ ಒಂದು ಕಡ್ಡಿ ಸಿಗ್ನಲ್. ಮನೆಯ ಅಜ್ಜಿಗೆ ಆ್ಯಪ್ ತೆರೆಯುವುದು ಯಾರು?

ಸೀತಾಂಗೋಳಿ ತಿರುವು
ಸರಿ. ಮೂರು ಪ್ರಶ್ನೆಯ ಕರಡು ನಾಳೆ ರಾತ್ರಿ ಇಲ್ಲೇ ಹಾಕುತ್ತೇನೆ, ಕಲಂ ಎಂಟು ತಿದ್ದಿಕೊಡಿ. ಕೇಬಲ್ ದೂರು ಕೊಟ್ಟವರು ದೂರು ಸಂಖ್ಯೆ, ತಾರೀಕು, ಊರು ಮೂರನ್ನೇ ಬರೆಯಿರಿ. ಹೆಸರು, ಫೋನ್ ನಂಬರ್, ಕಾರ್ಡ್ ನಂಬರ್ ಇಲ್ಲಿ ಹಾಕಬೇಡಿ.

ಮಡಕಶಿರಾ ಮೈಲಿಗಲ್ಲು
ಭಟ್ರೇ ಕೊನೇದೊಂದು. 11090 ಹಾಕಿದ್ರೆ ಬಲ 80, ಕ್ವಾಲಿಟಿ 0. ದಿಕ್ಕು ಸರಿ ಇದೆ, ಅದೇ ಕಂಬದಲ್ಲಿ ಪಕ್ಕದ ಡಿಶ್ ಚೆನ್ನಾಗಿ ಓಡ್ತಿದೆ.

ಎಲ್‌ಎನ್‌ಬಿ ಭಟ್ರು
ಮೆನುವಿನಲ್ಲಿ 22 ಕಿಲೋಹರ್ಟ್ಸ್ ತಪ್ಪಿ "ಆನ್" ಆಗಿರಬಹುದು, ನೋಡಿ. ಹಾಗಿದ್ದರೆ ಎಲ್‌ಎನ್‌ಬಿ ಹೈ ಬ್ಯಾಂಡಿಗೆ ಹೋಗಿ ಕೂರುತ್ತದೆ. "ಆಟೋ" ಅಥವಾ "ಆಫ್" ಮಾಡಿ. ಡೈಸೆಕ್ (ಹಲವು ಎಲ್‌ಎನ್‌ಬಿಗಳ ನಡುವೆ ಬದಲಾಯಿಸುವ ಸ್ವಿಚ್ಚಿನ ಆಯ್ಕೆ) ಕೂಡ ಆಫ್. ಆಗದಿದ್ದರೆ ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿ ನೋಡಿ, ನಡುವಿನ ತಂತಿ ಹಸಿರಾಗಿದ್ದರೆ ಎರಡು ಇಂಚು ಕತ್ತರಿಸಿ ಹೊಸದು ಹಾಕಿ. ಹಾಕಿದ ಮೇಲೆ ಕೇಬಲನ್ನು ಕೆಳಗೆ ಒಂದು ಸುತ್ತು ಜೋತುಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ.

ಮಡಕಶಿರಾ ಮೈಲಿಗಲ್ಲು
22 ಆನ್ ಇತ್ತು. ಕ್ವಾಲಿಟಿ 72.